ಅತ್ತೆಯ ಮೈಮೇಲಿನ ಹಳದಿ

ನಮ್ಮ ಅತ್ತೆಗೆ ಶ್ವಾಸಕೋಶದ ಕ್ಯಾನ್ಸರ್. ಅಥಣಿ ಕಡೆಯ ನಮ್ಮ ದ್ರಾಕ್ಷಿ ತೋಟದಿಂದ ಮಿರಜದ ಆಸ್ಪತ್ರೆಗೆ ಕರೆದೊಯ್ದು ಸಲೈನಿನಲ್ಲಿ ಒಂದು ಹೊಸ ಔಷಧಿ ಹಾಕಿಸಿಕೊಂಡು ಬರುವುದು ಸೊಸೆಯಾದ ನನ್ನ ಕೆಲಸ. ಅದು ಕ್ಯಾನ್ಸರನ್ನು ತಾನೇ ಕೊಲ್ಲುವುದಿಲ್ಲ. ಮೈ ಕಾಯುವ ಕಣಗಳನ್ನು ಕ್ಯಾನ್ಸರ್ ಗಂಟು ಸುಮ್ಮನಾಗಿಸಿರುತ್ತದಂತೆ. ಔಷಧಿಯೊಳಗಿನ ಪ್ರತಿಕಾಯಗಳು ಆ ತಡೆ ತೆಗೆದು ಅವನ್ನು ಗಂಟಿನ ಮೇಲೆ ಬಿಡುತ್ತವೆ.

"ಅಂದ್ರ ನಮ್ಮ ಆಳು ಮಲಗ್ಯಾರ, ಎಬ್ಬಿಸಿ ಕಳೆ ಕೀಳಾಕ ಹಚ್ಚತೀರಿ. ಹೌದಲ್ರಿ?" ಎಂದಿದ್ದರು ಅತ್ತೆ.

ಡಾಕ್ಟರು ನಕ್ಕರು. ಆದರೆ ಎದ್ದ ಆಳು ಕೆಲವೊಮ್ಮೆ ಬೆಳೆಯನ್ನೂ ಕೀಳುತ್ತಾರೆ, ಲಿವರಿಗೆ ಪೆಟ್ಟು ಬಿದ್ದು ಮೈ ಹಳದಿಯಾದರೆ ಔಷಧಿ ನಿಲ್ಲಿಸಬೇಕಾದೀತು ಎಂದು ನನಗೆ ಎಚ್ಚರಿಸಿದರು. ಗಂಟು ಕರಗುತ್ತಿತ್ತು. ಈಗ ನಿಂತರೆ ಹೇಗೆ ಎಂಬುದೊಂದೇ ನನ್ನ ಭಯ.

ಒಂದು ಸೋಮವಾರ ತವರಿನಿಂದ ಬೆಳಿಗ್ಗೆಯೇ ವಾಪಸು ಬಂದು ಚಹಾ ಕೊಡಲು ಹೋದರೆ, ಅತ್ತೆಯ ಕುತ್ತಿಗೆ, ಅಂಗೈ, ಕಿವಿಯ ಹಿಂದೆಲ್ಲ ಹಳದಿ. ಚಹಾ ಅಲ್ಲೇ ಕೆಳಗಿಟ್ಟೆ.

"ಏಳ್ರಿ, ಮಿರಜಕ್ಕ ಹೋಗೂಣು."

"ಏನೂ ಆಗಿಲ್ಲ ಬಿಡ ಬೇ, ಅದು..."

"ಒಂದ್ ಮಾತ್ ಆಡಬ್ಯಾಡ್ರಿ!"

ಸಿಟ್ಟು ಬಂದರೆ ನನಗೆ ಹಿರಿಯರು ಕಿರಿಯರು ಎಂಬುದಿಲ್ಲ. ದಾರಿಯುದ್ದಕ್ಕೂ ಅತ್ತೆ ತುಟಿ ಬಿಚ್ಚಲಿಲ್ಲ. ಕಲ್ಲನ್ನೂ ಮಾತಾಡಿಸುವ ಹೆಂಗಸು ಹೀಗೆ ಕುಳಿತದ್ದು ಕಂಡು ಕಾಗವಾಡ ದಾಟುವಾಗ ಕಿಟಕಿಯ ಕಡೆ ತಿರುಗಿ ಅತ್ತುಬಿಟ್ಟೆ.

ಡಾಕ್ಟರು ಕಣ್ಣರೆಪ್ಪೆ ಕೆಳಗೆಳೆದು ನೋಡಿದರು. ಕಣ್ಣು ಬೆಳ್ಳಗಿದ್ದವು. ಒದ್ದೆ ಹತ್ತಿಯಿಂದ ಕುತ್ತಿಗೆ ಒರೆಸಿದರು, ಹತ್ತಿ ಹಳದಿಯಾಯಿತು. ಅದನ್ನು ಮೂಸಿ, "ಆಜಿ, ಮಂಗಸೂಳೀಲಾ ಗೇಲಾ ಹೋತಾ ಕಾ?" ಎಂದು ಮರಾಠಿಯಲ್ಲಿ ಕೇಳಿದರು. ಅಜ್ಜಿ, ಮಂಗಸೂಳಿಗೆ ಹೋಗಿದ್ದಿರಾ ಎಂದು.

ಅತ್ತೆ ತಲೆ ತಗ್ಗಿಸಿದರು. ಭಾನುವಾರ ನಾನಿಲ್ಲದ ಹೊತ್ತು ನೋಡಿ ಪಕ್ಕದ ಮನೆಯವರ ಜೊತೆ ಮಂಗಸೂಳಿಯ ಮಲ್ಲಯ್ಯನ ಗುಡಿಗೆ ಹೋಗಿದ್ದರು. ಅಲ್ಲಿ ಎಲ್ಲರ ಮೇಲೂ ಭಂಡಾರ ಹಾರಿಸುತ್ತಾರೆ. ಆ ಅರಿಶಿನ ಒಂದು ಸ್ನಾನಕ್ಕೆಲ್ಲ ಬಿಡುವುದಲ್ಲ. ಜನರ ಗದ್ದಲಕ್ಕೆ ಹೋಗಕೂಡದೆಂದು ನಾನೇ ಕಟ್ಟುನಿಟ್ಟು ಮಾಡಿದ್ದೆ.

"ದಾರ್ಯಾಗರೆ ಹೇಳಬಾರದೇನ್ರಿ?"

"ನೀ ಬಾಯಿ ತಗ್ಯಾಕ ಎಲ್ಲಿ ಬಿಟ್ಟಿ?"

ಡಾಕ್ಟರು ಹೊಟ್ಟೆ ಹಿಡಿದು ನಕ್ಕರು. ಆದರೂ ರಕ್ತ ಪರೀಕ್ಷೆ ಬಿಡಲಿಲ್ಲ. ವರದಿ ಬರುವವರೆಗೆ ನನ್ನ ಜೀವದಲ್ಲಿ ಜೀವವಿರಲಿಲ್ಲ. ಲಿವರ್ ಚೆನ್ನಾಗಿಯೇ ಇತ್ತು. ಆ ವಾರ ಕೊಡಬೇಕಿದ್ದ ಔಷಧಿಯನ್ನು ಅಂದೇ ಹಚ್ಚಿದರು. ಅದು ಹನಿಹನಿಯಾಗಿ ಇಳಿಯುವುದನ್ನು ನೋಡುತ್ತ ಕುಳಿತವಳಿಗೆ ಎಷ್ಟು ಸಂತೋಷವಾಯಿತೆಂದರೆ ಬೈಯುವುದೇ ಮರೆತುಹೋಯಿತು.

"ಮಲ್ಲಯ್ಯಗ ಏನ್ ಬೇಡಿಕೊಂಡ್ರಿ?"

"ಪೂರ್ತಿ ಆರಾಮ ಆದ್ರ ಸೊಸಿನ್ನ ಕರಕೊಂಡ ಬರ್ತೀನಿ ಅಂದೀನಿ."

ಸೂಜಿ ಇಲ್ಲದ ಕೈಯಿಂದ ಸೊಂಟದ ಎಲೆಅಡಿಕೆ ಸಂಚಿ ಬಿಚ್ಚಿ, ಉಳಿದ ಭಂಡಾರವನ್ನೆಲ್ಲ ನನ್ನ ಹಣೆಗೆ, ಕೆನ್ನೆಗೆ ಬಳಿದರು. ನಾನು ಒರೆಸಿಕೊಳ್ಳಲಿಲ್ಲ.

ಸಂಜೆ ಬಾಗಿಲಲ್ಲೇ ಕಾಯುತ್ತಿದ್ದ ನನ್ನ ಗಂಡ ನನ್ನ ಮುಖ ನೋಡಿ ಗಾಬರಿಯಾದರು. "ಏನಾತು? ಡಾಕ್ಟರ್ ಏನಂದ್ರು?"

ಅತ್ತೆ ನನ್ನ ಭುಜ ಹಿಡಿದು ಗಾಡಿಯಿಂದ ಇಳಿಯುತ್ತ ಅಂದರು: "ಆಳು ಕೆಲಸಕ್ಕ ಹತ್ತ್ಯಾರ. ನಿಲ್ಲಸೂದಿಲ್ಲಂತ."