ಕುತ್ತಿಗೆಯ ಗಂಟು, ಮಾವನ ಒಲೆ

ನನ್ನ ವಾರಗಿತ್ತಿ ದೊಬ್ರಿಲಾ ಯಾರಿಗೂ ಏನನ್ನೂ ಸುಮ್ಮನೆ ಕೊಟ್ಟವಳಲ್ಲ. ನಮ್ಮ ಲೆಸ್ಕೊವಾಟ್ಸ್ ಸೀಮೆಯಲ್ಲಿ ಸೆಪ್ಟೆಂಬರ್ ಬಂತೆಂದರೆ ಹೆಂಗಸರೆಲ್ಲ ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು, ಅರೆದು, ಚಳಿಗಾಲಕ್ಕೆ ಐವಾರ್ ಚಟ್ನಿ ಮಾಡಿ ಜಾಡಿ ತುಂಬುತ್ತೇವೆ. ಹಾಗೆ ಸುಡುವುದಕ್ಕೆಂದು ನಮ್ಮ ಮಾವ ತಾವೇ ತಗಡು ಬಡಿದು ಒಂದು ಒಲೆ ಮಾಡಿದ್ದರು. ಕೊಟ್ಟದ್ದು ಹಿರಿ ಸೊಸೆಗೆ. ಕಿರಿಯವಳಾದ ನಾನು ಮೂವತ್ತೆಂಟು ವರ್ಷ ಹೊಟ್ಟೆ ಉರಿದುಕೊಂಡೆ. ಕೇಳಿದಾಗಲೆಲ್ಲ ಅವಳದು ಒಂದೇ ಮಾತು: "ನಾನು ಸತ್ತ ಮೇಲೆ ತಗೊಂಡ್ಹೋಗೇ."

ಈ ಸಲ ಅವಳೇ ಅದನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ನನ್ನ ಅಂಗಳಕ್ಕೆ ಬಂದಳು. ಸುಡುಬಿಸಿಲಲ್ಲೂ ಕುತ್ತಿಗೆಗೆ ಸ್ಕಾರ್ಫ್ ಬಿಗಿದಿದ್ದಳು.

"ಇಟ್ಕೋ ಸ್ಲಾವ್ಕಾ," ಅಂದಳು.

ಸತ್ತ ಮೇಲೆ ಅಂದವಳು ಈಗಲೇ ಕೊಡುತ್ತಿದ್ದಾಳೆ! ಸ್ಕಾರ್ಫ್ ಎಳೆದೆ. ಒಳಗೆ ಮದ್ದಿಗೆಂದು ಪ್ಲಮ್ ಸಾರಾಯಿಯಲ್ಲಿ ನೆನೆಸಿದ ಬಟ್ಟೆ. ಅದರ ಕೆಳಗೆ, ದವಡೆಯ ಅಡಿಯಲ್ಲಿ, ಗೋಲಿಯಷ್ಟು ಗಂಟು.

"ಎಷ್ಟು ದಿನದಿಂದ ಅಕ್ಕಾ?"

"ಮೂರು ವಾರ. ಮಿಲುನ್‌ಗೂ ಹಿಂಗೇ ಅಲ್ವೇನೇ ಶುರುವಾಗಿದ್ದು?"

ಮಿಲುನ್ ಅವಳ ಗಂಡ. ಕುತ್ತಿಗೆಯ ಗಂಟಾಗಿ ಕಾಣಿಸಿಕೊಂಡ ಕ್ಯಾನ್ಸರ್ ಅವನನ್ನು ಒಂದೇ ವರ್ಷದಲ್ಲಿ ಮಣ್ಣಿಗೆ ಕಳಿಸಿತ್ತು.

"ಬಿಡ್ತು ಅನ್ನು!" ಎಂದು ಬೈದು, ಮರುದಿನವೇ ಬಸ್ಸು ಹತ್ತಿಸಿದೆ.

ಸ್ಕ್ಯಾನಿಂಗ್ ಕೋಣೆಯಲ್ಲಿ ಡಾಕ್ಟರ್ ಝೋರಿತ್ಸಾ ಸಾರಾಯಿ ವಾಸನೆಗೆ ಮೂಗು ಅರಳಿಸಿದರು. "ಏನಮ್ಮಾ, ಮದುವೆಮನೆಯಿಂದ ನೆಟ್ಟಗೆ ಬಂದ್ರಾ?"

ದೊಬ್ರಿಲಾ ನಗಲಿಲ್ಲ. ತಣ್ಣನೆಯ ಜೆಲ್ ಹಚ್ಚಿ ಡಾಕ್ಟರ್ ಯಂತ್ರದ ಹಿಡಿಯನ್ನು ಕುತ್ತಿಗೆಯ ಮೇಲೆ ಆಡಿಸತೊಡಗಿದರು. ಮೇಲೆ, ಕೆಳಗೆ, ಮತ್ತೆ ಅಲ್ಲೇ. ಅಳತೆ ತೆಗೆದರು. ದೊಬ್ರಿಲಾಳ ಉಗುರು ನನ್ನ ಅಂಗೈಗೆ ನೆಟ್ಟಿತ್ತು. ನನಗೆ ಆ ಹಾಳು ಒಲೆಯದೇ ನೆನಪು. ಅದನ್ನು ಬಯಸಿದ್ದಕ್ಕೆ ನನ್ನನ್ನೇ ಶಪಿಸಿಕೊಂಡೆ.

ಕೊನೆಗೆ ಡಾಕ್ಟರ್ ಪರದೆಯನ್ನು ನಮ್ಮತ್ತ ತಿರುಗಿಸಿದರು. "ಇಲ್ನೋಡಿ, ಇದೇ ನಿಮ್ಮ ಗಂಟು. ಬೀನ್ಸ್ ಕಾಳಿನ ಹಾಗೆ ಉದ್ದಕ್ಕಿದೆ. ನಡುವೆ ಬಿಳಿ ಗೆರೆ ಇದೆಯಲ್ಲ, ರಕ್ತ ಅಲ್ಲಿಂದಲೇ ಒಳಗೆ ಹೋಗ್ತಿದೆ. ಇದು ಗುಂಡಗಾಗಿ, ಆ ಗೆರೆ ಅಳಿಸಿಹೋಗಿದ್ರೆ ನಾನು ಹೆದರ್ತಿದ್ದೆ. ಎಲ್ಲೋ ಕೀವಾಗಿದೆ, ಅದಕ್ಕೆ ಊದಿದೆ ಅನ್ಸುತ್ತೆ. ಬಾಯಿ ತೆಗೀರಿ ನೋಡೋಣ."

ಹಿಂದಿನ ಹಲ್ಲೊಂದು ಕೊಳೆತು ಕರ್ರಗಾಗಿತ್ತು.

"ಅಯ್ಯೋ, ಹಲ್ಲುನೋವಿಗೂ ಸಾರಾಯೀನೇನಾ?" ಎಂದರು ಡಾಕ್ಟರ್.

"ಮತ್ತಿನ್ನೇನು, ನೀರಾ?" ಅಂದಳು ದೊಬ್ರಿಲಾ. ಆ ಸೊಕ್ಕಿನ ದನಿ ಕೇಳಿ ನನಗೆ ಹೋದ ಜೀವ ಬಂದಂತಾಯಿತು.

ಹಲ್ಲಿನ ಡಾಕ್ಟರಿಗೆ ತೋರಿಸಿಕೊಂಡು, ಆರು ವಾರದ ಮೇಲೆ ಇನ್ನೊಮ್ಮೆ ಸ್ಕ್ಯಾನಿಗೆ ಬರಲು ಹೇಳಿ ಕಳಿಸಿದರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತು ಗೊಳೋ ಎಂದು ಅತ್ತೆ. ಅವಳು ಪಕ್ಕದಲ್ಲಿ ನಿಂತು ಸ್ಕಾರ್ಫ್ ಮಡಚಿ ಚೀಲಕ್ಕೆ ತುರುಕಿದಳು. ಬಸ್ಸಿನಲ್ಲಿ ಅರ್ಧ ದಾರಿ ಕಳೆದ ಮೇಲೆ ನನ್ನತ್ತ ತಿರುಗಿದಳು.

"ಲೇ, ಸಂಜೆ ಒಲೆ ತಂದ್ಕೊಡು."

"ಕೊಟ್ಟಿದ್ದನ್ನ ವಾಪಸ್ ಕೇಳ್ತೀಯಲ್ಲ, ನಾಚಿಕೆ ಆಗಲ್ವಾ?"

"ಸತ್ತ ಮೇಲೆ ಅಂದಿದ್ದೆ. ಈಗ ನಾನು ಸತ್ನಾ?"

ಸಂಜೆ ಆ ದರಿದ್ರ ಒಲೆಯನ್ನು ಏರುದಾರಿಯಲ್ಲಿ ಏದುಸಿರು ಬಿಡುತ್ತ ತಳ್ಳಿದೆ. ಜಿಪುಣಿ, ಮುದಿಗೂಬೆ ಎಂದು ದಾರಿಯುದ್ದಕ್ಕೂ ಬೈದೆ, ಕಣ್ಣು ಒರೆಸಿಕೊಂಡೆ. ದೇವರೇ, ಈ ಒಲೆ ಇನ್ನೂ ಇಪ್ಪತ್ತು ವರ್ಷ ನನ್ನ ಕೈಗೆ ಸಿಗದಿರಲಪ್ಪಾ.