ಬಲಗೈ ಬೆರಳಿನ ಶಾಯಿ

ಗಂಗಮ್ಮನ ಓಟನ್ನು ನಾನು ಕದ್ದೆ. ಅವಳು ಕೊಡೆ ಗುರುತಿಗೆ ಒತ್ತು ಅಂದಳು, ನಾನು ಮಂಚಕ್ಕೆ ಒತ್ತಿದೆ. ಅವಳಿಗೆ ಕಣ್ಣು ಕಾಣುವುದಿಲ್ಲ — ಅದಕ್ಕೇ ಒತ್ತಿದೆ. ಕಾಣುತ್ತಿದ್ದರೆ ಒತ್ತುವ ಧೈರ್ಯ ನನಗೆ ಬರುತ್ತಿರಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬಾರದು.

ನನ್ನ ಹೆಸರು ಹನುಮಕ್ಕ. ಆಂಧ್ರದ ಗಡಿಯೊಳಗಿನ ಕುಂದುರ್ಪಿ ಕಡೆಯ ಒಂದು ಹಟ್ಟಿಯವಳು. ಕನ್ನಡ ಇಸ್ಕೂಲಿನಲ್ಲಿ ಎರಡನೇ ಕ್ಲಾಸಿನವರೆಗೆ ಕೂತಿದ್ದೆ, ಆಮೇಲೆ ಕುರಿಗಳ ಹಿಂದೆ ಹೋದೆ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ಗಂಗಮ್ಮ ಪಕ್ಕದ ಮನೆಯವಳು, ನಮ್ಮಿಬ್ಬರಿಗೂ ನಡುವೆ ಒಂದೇ ಗೋಡೆ. ಅವಳ ಮಗ ನಾಗರಾಜನ ಮದುವೆಯ ಹೊತ್ತಿಗೆ ಅವಳ ಕಣ್ಣು ಪೂರ್ತಿ ಹೋಗಿತ್ತು. ಅಂದಿನಿಂದ ಮಾತ್ರೆಯ ಬಣ್ಣ ಹೇಳುವುದು, ಸೀರೆಯ ಅಂಚು ಹೇಳುವುದು, ಪಾವಗಡದ ಅವಳ ತಂಗಿ ಬರೆದ ಕಾಗದ ಓದುವುದು — ಎಲ್ಲಾ ನಾನೇ. ನಾನು ನೀಲಿ ಅಂದರೆ ಅವಳಿಗೆ ನೀಲಿ.

ಇನ್ನು ಬೊಮ್ಮಣ್ಣ. ಅವನು ಎಮ್ಮೆಲ್ಲೆ ಆಗುವುದಕ್ಕೆ ಬಹಳ ಮೊದಲೇ ನನಗೆ ಗೊತ್ತಿದ್ದವನು. ಗಂಡ ಸತ್ತ ಮೇಲೆ ನಾನು ಕೆಲವು ವರ್ಷ ಹಿಂದೂಪುರದಲ್ಲಿದ್ದು ಅಲ್ಲಿನ ಹುಣಸೆ ಗೋದಾಮಿನಲ್ಲಿ ಹಣ್ಣು ಕುಟ್ಟಿ ಬೀಜ ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದೆ. ಅಲ್ಲಿ ತಕ್ಕಡಿ ಹತ್ತಿರ ನಿಂತು ತೂಕ ಕೂಗುತ್ತಿದ್ದವನು ಬೊಮ್ಮಣ್ಣ. ಮಧ್ಯಾಹ್ನ ನನ್ನ ಬುತ್ತಿಯ ಮುದ್ದೆಯಲ್ಲಿ ಅರ್ಧ ಮುರಿದುಕೊಂಡು, “ಅಕ್ಕಾ, ನಿನ್ ಕೈ ಹುಳಿ, ಸಾರಿಗೆ ಹುಣಸೆ ಹಾಕೋದೇ ಬ್ಯಾಡ ಬಿಡು” ಅನ್ನುತ್ತಿದ್ದ. ಆಮೇಲೆ ಹಿಂದೂಪುರದಲ್ಲಿ ಕೌನ್ಸಿಲರ್ ಆದ. ಆಮೇಲೆ ಅವನ ಪಾರ್ಟಿಯವರು ಕಲ್ಯಾಣದುರ್ಗಕ್ಕೆ ಟಿಕೆಟ್ಟು ಕೊಟ್ಟು ಕಳಿಸಿದರು — ನಮ್ಮ ಊರು ಓಟು ಹಾಕುವುದು ಅಲ್ಲಿಗೇ. ಮೊದಲ ಸಲ ಸೋತ, ಎರಡನೇ ಸಲ ಗೆದ್ದ. ಎರಡು ಸಲವೂ ನಾನು ಅವನ ಕೊಡೆಯ ಬಾವುಟ ಹಿಡಿದು ಹಟ್ಟಿಯಿಂದ ಹಟ್ಟಿಗೆ ತಿರುಗಿದೆ. ನನ್ನನ್ನು ಅಕ್ಕಾ ಅಂತಾನೆ, ನನ್ನ ಮುದ್ದೆ ತಿಂದವನು ಅಂತ ಕಂಡಕಂಡವರಿಗೆ ಹೇಳಿದೆ. ಗಂಗಮ್ಮನಿಗಂತೂ ನೂರು ಸಲ ಹೇಳಿರಬೇಕು.

ಗೆದ್ದ ಮಾರನೇ ವರ್ಷ ನಮ್ಮ ಕ್ರಾಸಿನಲ್ಲಿ ಬಸ್ಸು ನಿಲ್ಲಿಸುವುದನ್ನು ಬಿಟ್ಟರು. ಬಸ್ಸು ಹತ್ತಬೇಕೆಂದರೆ ಮುಂದಿನ ಊರಿನ ತನಕ ನಡೆಯಬೇಕು. ಹೆಂಗಸರೆಲ್ಲ ಗೊಣಗಿದರು. ನಾನು ಎದೆ ಸೆಟೆಸಿಕೊಂಡು, “ನಮ್ ಬೊಮ್ಮಣ್ಣಂಗೆ ಒಂದ್ ಮಾತು ಹೇಳಿದ್ರೆ ಆಯ್ತದೆ, ನಡೀರಿ” ಅಂದೆ. ನಾಲ್ಕು ಜನ ಹೆಂಗಸರನ್ನು ಕರೆದುಕೊಂಡು ಕಲ್ಯಾಣದುರ್ಗದ ಅವನ ಆಫೀಸಿಗೆ ಹೋದೆ. ಪಡಸಾಲೆ ತುಂಬ ಜನ. ಅವನು ಒಳಗಿನಿಂದ ಬಂದ, ಬಿಳಿ ಅಂಗಿ, ಕನ್ನಡಕ. ನಾನು ಎದ್ದು ನಿಂತು ನಕ್ಕೆ. ಅವನು ನನ್ನ ಮುಖ ನೋಡಿ, “ಎವರಮ್ಮಾ ನುವ್ವು?” ಅಂದ.

ಯಾರಮ್ಮಾ ನೀನು, ಅಂತ. ತೆಲುಗಿನಲ್ಲಿ. ಗೋದಾಮಿನಲ್ಲಿ ನನ್ನ ಹತ್ತಿರ ಒಂದು ದಿನವೂ ತೆಲುಗು ಆಡಿದವನಲ್ಲ. ಹನುಮಕ್ಕ ಅಂತ ಹೇಳಲು ಹೊರಟೆ. ಅಷ್ಟರಲ್ಲಿ ಯಾರೋ ಫೋನು ಕೊಟ್ಟರು, ಅವನು ಮಾತಾಡುತ್ತ ಕಾರು ಹತ್ತಿದ.

ವಾಪಸ್ಸು ಬಸ್ಸಿನಲ್ಲಿ ಹೆಂಗಸರು ಬಿಡುತ್ತಾರೆಯೇ? “ನಿನ್ ತಮ್ಮ ಚೆನ್ನಾಗಿ ಮಾತಾಡಿಸ್ದ ಕಣಕ್ಕ” ಅಂತ ಒಬ್ಬಳು. “ಮುದ್ದೆ ತಗೊಂಡೋಗ್ಬೇಕಿತ್ತು, ಮೂಸಿ ನೋಡಿದ್ರೆ ಗುರುತು ಹತ್ತಿರೋದು” ಅಂತ ಇನ್ನೊಬ್ಬಳು. ನಾನು ಕಿಟಕಿಯ ಕಡೆ ತಿರುಗಿಕೊಂಡು ಕೂತೆ. ಊರಿಗೆ ಬಂದ ಮೇಲೆ ನಗದೆ ಇದ್ದವಳು ಗಂಗಮ್ಮ ಒಬ್ಬಳೇ. “ಅವನ ಕಣ್ಣೂ ಮಂಜಾಗೈತೇನೋ ಬಿಡೇ. ಕಾಣ್ದೋರ ಮ್ಯಾಲೆ ಸಿಟ್ಟು ಮಾಡ್ಕಂಡ್ರೆ ನನ್ ಮ್ಯಾಲೂ ಮಾಡ್ಕ” ಅಂದಳು. ಅವಳು ಹಾಗಂದಾಗಲಾದರೂ ನನ್ನ ಸಿಟ್ಟು ಇಳಿಯಬೇಕಿತ್ತು — ಇಳಿಯಲಿಲ್ಲ.

ಮೂರನೇ ಚುನಾವಣೆ ಬಂತು. ಬೊಮ್ಮಣ್ಣ ಮತ್ತೆ ಕೊಡೆ, ಎದುರಿನವರು ಮಂಚ. ಕಣ್ಣಿಲ್ಲದವರು ಓಟು ಹಾಕಬೇಕೆಂದರೆ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದು. ಅವರೇ ಬಟನ್ ಒತ್ತುತ್ತಾರೆ. ಗಂಗಮ್ಮನ ಜೊತೆಗೆ ಹಿಂದೊಂದು ಸಲ ಯಾರೋ ಪಾರ್ಟಿಯವನು ಹೋಗಿ ತನಗೆ ಬೇಕಾದ್ದಕ್ಕೆ ಒತ್ತಿದ್ದನಂತೆ. ಆ ಉರಿ ಅವಳಿಗೆ ಇನ್ನೂ ಇತ್ತು. ನಾಗರಾಜ ಮಂಚದ ಪಾರ್ಟಿಯ ಕಡೆ ಓಡಾಡುತ್ತಿದ್ದ. ಓಟಿನ ದಿನ ಬೆಳಿಗ್ಗೆ ಅವನು, “ನಾನೇ ಕರ್ಕೊಂಡೋಯ್ತೀನಿ, ಬಾರವ್ವ” ಅಂದ.

“ನೀನು ಮಂಚದೋನು ಕಣ್ಲಾ. ನಾ ಬರಾಕಿಲ್ಲ.”

“ಅವ್ವ, ನೀನು ಯಾವ್ದು ಹೇಳಿದ್ರೆ ಅದೇ ಒತ್ತೀನಿ. ನಿನ್ ಮೊಮ್ಮಗಳ ಮ್ಯಾಲೆ ಆಣೆ.”

“ಆಣೆ ಗೀಣೆ ಬ್ಯಾಡ. ಹನುಮಿ ಬತ್ತಾಳೆ ನನ್ ಜತೆಗೆ. ಅವಳ ಕಣ್ಣು ನನ್ ಕಣ್ಣೇ.”

ಊರವರ ಮುಂದೆ ಹಾಗಂದುಬಿಟ್ಟಳು. ನಾಗರಾಜ ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋದ. ನಾನು ಅವಳ ಕೈ ಹಿಡಿದು ಇಸ್ಕೂಲಿಗೆ ನಡೆದೆ. ದಾರಿಯಲ್ಲಿ, “ಕೊಡೆಗೇ ಒತ್ತಬೇಕೇನೇ?” ಅಂತ ಕೇಳಿದೆ. “ಇನ್ನೇನು ಮತ್ತೆ. ನಂಗೇನು ಬೊಮ್ಮಣ್ಣ ಗೊತ್ತಾ? ನೀನ್ ಹೇಳ್ದೆ ಒಳ್ಳೇನು ಅಂತ, ಅದಕ್ಕೆ” ಅಂದಳು.

ಮೊದಲು ನನ್ನ ಓಟು. ಇಲ್ಲಿ ಒಂದು ಮಾತು — ಇದನ್ನು ಬರೆಯುವುದು ಎಲ್ಲಕ್ಕಿಂತ ಕಷ್ಟ. ನನ್ನ ಓಟನ್ನು ನಾನು ಕೊಡೆಗೇ ಹಾಕಿದೆ. ಮನೆ ಬಿಡುವಾಗ ಮಂಚಕ್ಕೆ ಅಂದುಕೊಂಡೇ ಬಿಟ್ಟಿದ್ದೆ. ಆದರೆ ಒಳಗೆ ಹೋದ ಮೇಲೆ ಆ ತೂಕ ಕೂಗುವ ದನಿ, ಮುರಿದ ಮುದ್ದೆ — ಬೆರಳು ತಾನಾಗಿ ಕೊಡೆಯ ಮೇಲೆ ಹೋಯಿತು. ಈಚೆಗೆ ಬಂದೆ, ನನ್ನ ಮೇಲೇ ಅಸಹ್ಯ ಹುಟ್ಟಿತು. ಗುರುತು ಹಿಡಿಯದವನಿಗೆ ಮತ್ತೆ ಹಾಕಿದೆಯಲ್ಲ, ನಾಯಿ ಜನ್ಮ ಅಂತ. ಅದೇ ಉರಿಯಲ್ಲಿ ಗಂಗಮ್ಮನ ಸರದಿ ಬಂತು.

ಮೇಜಿನ ಹಿಂದಿದ್ದ ಆಫೀಸರು ಒಂದು ಕಾಗದ ಮುಂದಿಟ್ಟರು. ಅವಳು ಹೇಳಿದ್ದನ್ನೇ ಒತ್ತಬೇಕು, ಹೊರಗೆ ಯಾರಿಗೂ ಹೇಳಬಾರದು ಅಂತ ತೆಲುಗಿನಲ್ಲಿ ಬಿಡಿಸಿ ಹೇಳಿದರು. ನಾನು ಕನ್ನಡದಲ್ಲಿ ಹನುಮಕ್ಕ ಅಂತ ರುಜು ಹಾಕಿದೆ. ನನ್ನ ಎಡಗೈ ಬೆರಳಿಗೆ ಆಗಲೇ ನನ್ನ ಓಟಿನ ಶಾಯಿ ಇತ್ತು. ಜೊತೆಗೆ ಹೋಗುವವರಿಗೆ ಬಲಗೈ ಬೆರಳಿಗೆ ಹಾಕುತ್ತಾರೆ — ಅವರೇ ಇನ್ನೊಬ್ಬರ ಜೊತೆಗೂ ಹೋಗಬಾರದು ಅಂತ. ಹಾಕಿಸಿಕೊಂಡೆ.

ಮಿಶಿನ್ ಇಟ್ಟಿದ್ದ ರಟ್ಟಿನ ಮರೆಗೆ ಹೋದೆವು. ಗಂಗಮ್ಮ ನನ್ನ ಭುಜ ಹಿಡಿದು ನಿಂತಿದ್ದಳು. ಮಂಚಕ್ಕೆ ಒತ್ತಿದೆ. ಪಕ್ಕದ ಡಬ್ಬಿಯ ಗಾಜಿನೊಳಗೆ ಚೀಟಿ ಬಂತು — ಮಂಚ. ಸ್ವಲ್ಪ ಹೊತ್ತು ನಿಂತು, ಕತ್ತರಿಸಿಕೊಂಡು ಒಳಗೆ ಬಿತ್ತು. ಯಾರ ಓಟು ಯಾರಿಗೆ ಅಂತ ಅವರವರ ಕಣ್ಣಿಗೆ ತೋರಿಸಲೆಂದೇ ಇಟ್ಟ ಡಬ್ಬಿ ಅದು. ಅವಳ ಬದಲು ನಾನು ನೋಡಿದೆ. ಬೀಪ್ ಅಂತ ಉದ್ದಕ್ಕೆ ಸದ್ದಾಯಿತು. ಗಂಗಮ್ಮ ಆ ಸದ್ದು ಬಂದ ಕಡೆಗೆ ಕೈ ಮುಗಿದಳು.

“ಬಿತ್ತೇನೇ?”

“ಬಿತ್ತು” ಅಂದೆ.

ಬೊಮ್ಮಣ್ಣ ಸೋತ. ಒಂದು ಓಟಿನಿಂದಲ್ಲ, ಸಾವಿರಾರು ಓಟಿನಿಂದ. ಅದು ನನಗೆ ಸಮಾಧಾನ ಕೊಡಬಹುದಿತ್ತು — ನಾನು ಒತ್ತಿದ್ದಕ್ಕೆ ಏನೂ ಬದಲಾಗಲಿಲ್ಲ ಅಂತ. ಆದರೆ ಆ ಶಾಯಿ. ಎಡಗೈಯದು ಹೇಗೋ ಮರೆತುಹೋಗುತ್ತದೆ. ಬಲಗೈಯದು — ಮುದ್ದೆ ಮುರಿದಾಗೆಲ್ಲ ಕಣ್ಣ ಮುಂದೆ. ಉಗುರು ಬೆಳೆದು ಕತ್ತರಿಸಿ ಹೋಗುವ ತನಕ ಪ್ರತಿ ತುತ್ತಿಗೂ ಅದನ್ನು ನೋಡಿ ಉಂಡೆ.

ಸೋತವರು ಊರಿಗೆ ಬರುವುದಿಲ್ಲ. ಅವನು ಬಂದ. ಬಿಳಿ ಅಂಗಿ ಇಲ್ಲ, ಹಿಂದೆ ಜನ ಇಲ್ಲ. ನಮ್ಮ ಹಟ್ಟಿಯ ಕಟ್ಟೆಯ ಮೇಲೆ ಕೂತ. ಗಂಗಮ್ಮ ತಡವರಿಸಿಕೊಂಡು ಹೋಗಿ ಅವನ ಕೈ ಹಿಡಿದು, “ನನ್ ಓಟು ನಿಂಗೇ ಕಣಪ್ಪ. ಬೇಕಾದ್ರೆ ಕೇಳು, ಇವಳೇ ಒತ್ತಿದ್ದು” ಅಂದಳು.

ಅವನು ನನ್ನ ಕಡೆ ನೋಡಿದ. “ಹನುಮಕ್ಕ ಅಲ್ವಾ, ಹುಣಸೆ ಗೋದಾಮಿನ ಅಕ್ಕ. ಅವತ್ತು ಆಫೀಸ್ನಾಗೆ ನೀನ್ ಹೋದ್ ಮ್ಯಾಲೆ ನೆನಪಾಯ್ತು ಕಣಕ್ಕ. ಬಸ್ಟ್ಯಾಂಡಿಗೆ ಆಳು ಕಳಿಸ್ದೆ, ಬಸ್ಸು ಹೊಂಟೋಗಿತ್ತು” ಅಂದ.

ನಿಜವೋ, ರಾಜಕೀಯದವರ ಮಾತೋ — ನನಗೆ ಗೊತ್ತಿಲ್ಲ. ನಿಜವಾಗಿದ್ದರೆ ನನ್ನ ತಪ್ಪು ದೊಡ್ಡದಾಗುವುದಿಲ್ಲ, ಸುಳ್ಳಾಗಿದ್ದರೆ ಚಿಕ್ಕದಾಗುವುದಿಲ್ಲ. ನಾನು ಕದ್ದದ್ದು ಗಂಗಮ್ಮನದು, ಅವನದಲ್ಲವಲ್ಲ. “ಹೂಂ, ಒತ್ತಿದೆ” ಅಂತ ತಲೆ ಆಡಿಸಿದೆ. ಗಂಗಮ್ಮನ ಮುಖ ಅರಳಿತ್ತು. ಬೊಮ್ಮಣ್ಣನಿಗೆ ಇನ್ನು ಟಿಕೆಟ್ಟು ಇಲ್ಲ ಅಂದರಂತೆ ಪಾರ್ಟಿಯವರು. ಹಿಂದೂಪುರಕ್ಕೆ ಹೋಗಿ ಹುಣಸೆ ವ್ಯಾಪಾರಕ್ಕೆ ಕೂತನಂತೆ. ನಾನು ಒತ್ತಿದ ಮಂಚ ಗೆದ್ದಿತು. ಬಸ್ಸು ಈಗಲೂ ನಮ್ಮ ಕ್ರಾಸಿನಲ್ಲಿ ನಿಲ್ಲುವುದಿಲ್ಲ.

ಉಳಿದದ್ದು ನಾಗರಾಜ. ಅವ್ವ ತನ್ನನ್ನು ನಂಬಲಿಲ್ಲ ಅನ್ನುವುದು ಅವನಿಗೆ ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತು. ಒಂದೇ ಮನೆಯಲ್ಲಿ ಇರುತ್ತಾನೆ, ಊಟ ಆಯ್ತಾ ಅಂತಲೂ ಕೇಳುವುದಿಲ್ಲ. ಹೋದ ತಿಂಗಳು ನನ್ನ ಜಗಲಿಯ ಮೇಲೆ ಕೂತು, “ನಾನು ಅವ್ವ ಹೇಳಿದ್ದೇ ಒತ್ತುತಿದ್ದೆ ಕಣತ್ತೆ. ನಂಬಿ ನೋಡ್ಬೌದಿತ್ತು” ಅಂದ. ಅವನು ಹಾಗೇ ಮಾಡುತ್ತಿದ್ದ — ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಅವಳು ಬಿಟ್ಟುಬಿಟ್ಟವನು ನಂಬಿಕಸ್ತ. ಅವಳು ಹಿಡಿದುಕೊಂಡು ಹೋದವಳು ನಾನು. ಆಗಲೂ ಅವನಿಗೆ ಬರೀ ಕಾಫಿ ಕೊಟ್ಟು ಕಳಿಸಿದೆ.

ಮತ್ತೆ ಓಟು ಬರುತ್ತದಂತೆ. ಗಂಗಮ್ಮ ಮೊನ್ನೆ ಗೋಡೆಯ ಆಚೆಯಿಂದ, “ಈ ಸಲಾನೂ ನೀನೇ ಕಣೇ” ಅಂದಳು.

ಅದಕ್ಕೇ ಇದನ್ನು ಬರೆದೆ. ಬಾಯಲ್ಲಿ ಹೇಳಲು ಹೋದರೆ ನಾನು ನಡುವೆ ಒಂದು ಮಾತು ನುಂಗುತ್ತೇನೆ, ನನ್ನನ್ನು ನಾನು ಬಲ್ಲೆ. ನಾಳೆ ಬೆಳಿಗ್ಗೆ ಅವಳ ಮನೆಗೆ ಹೋಗಿ, ತಂಗಿಯ ಕಾಗದ ಓದುವ ಹಾಗೆಯೇ ಎದುರಿಗೆ ಕೂತು, ಮೊದಲ ಸಾಲಿನಿಂದ ಓದುತ್ತೇನೆ. ನಾಗರಾಜನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಅವನಿಗೆ ಕನ್ನಡ ಓದಲು ಬರುತ್ತದೆ. ಕಾಗದದ ಮೇಲೆ ಅವನ ಕಣ್ಣಿರಲಿ — ನಾನು ಒಂದು ಸಾಲು ಬಿಟ್ಟರೂ ಅವನು ತಡೆದು, ತನ್ನ ಅವ್ವನಿಗೆ ಅದನ್ನು ಓದಿ ಹೇಳಲಿ.