ಅಕ್ಕ ಕಾದ ನಾಲ್ಕು ಸೆಕೆಂಡು

ನೂಲಿನ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ದಾಖಲೆ ನೋಡಿಕೊಳ್ಳುವ ಹೆಂಗಸು ಕೆಲಸಗಳ್ಳಿಯಲ್ಲ. ಆದರೂ ಒಂದು ಕೆಲಸವನ್ನು ಮೂರು ತಿಂಗಳಿಂದ ಇವತ್ತು ನಾಳೆ ಎಂದು ತಳ್ಳುತ್ತಲೇ ಬಂದಿದ್ದಳು.

ಗೇಟಿನಲ್ಲಿ ಕಾರ್ಡ್ ತೋರಿಸಿದವರ ಹೊತ್ತನ್ನು ಯಂತ್ರ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದವರೆಗೂ ಬರೆದಿಡುತ್ತಿತ್ತು. ಯಾರಿಗೆ ಬೇಕಿತ್ತೋ ಅಷ್ಟೊಂದು ನಿಖರತೆ! ಒಬ್ಬರ ಹೊತ್ತು ಇನ್ನೊಬ್ಬರದಕ್ಕೆ ಹೊಂದದೆ, ಪ್ರತಿಯೊಂದಕ್ಕೂ ಇಂಡೆಕ್ಸಿನಲ್ಲಿ, ಅಂದರೆ ಯಂತ್ರ ಹುಡುಕಲು ಬಳಸುವ ಪಟ್ಟಿಯಲ್ಲಿ, ಬೇರೆ ಜಾಗ. ಹನ್ನೊಂದು ವರ್ಷದಲ್ಲಿ ಅದು ಊದಿ, ಮೆಮೊರಿಯಲ್ಲಿ ಹಿಡಿಸದೆ, ಒಂದು ದಿನದ ಹಾಜರಿ ಹುಡುಕಲು ಅರ್ಧ ನಿಮಿಷ ಬೇಕಾಗುತ್ತಿತ್ತು. ಹೊತ್ತನ್ನು ನಿಮಿಷಕ್ಕೆ ಇಳಿಸಿದರೆ, ಆ ನಿಮಿಷದಲ್ಲಿ ಬಂದವರೆಲ್ಲ ಒಟ್ಟಿಗೆ ಕೂರುತ್ತಾರೆ. ಇಂಡೆಕ್ಸ್ ಕುಗ್ಗುತ್ತದೆ, ಹುಡುಕಾಟ ಚುರುಕಾಗುತ್ತದೆ. ಇದನ್ನು ಮೇಲಿನವರಿಗೆ ತಿಳಿಸಿ ಹೇಳಿದವಳೂ ಅವಳೇ.

"ಏನಮ್ಮಾ, ಇವತ್ತಾದ್ರೂ ಮಾಡ್ತೀಯಾ? ಕಾದು ಕಾದು ನನ್ನ ಕೂದಲೆಲ್ಲ ಬೆಳ್ಳಗಾಯ್ತು," ಎಂದ ದಿನಾ ಹಾಜರಿ ಹುಡುಕಿಸಲು ಬರುವ ಗೇಟಿನ ಕಾವಲುಗಾರ. ಅವನ ತಲೆಯಲ್ಲಿ ಕೂದಲೇ ಇರಲಿಲ್ಲ.

"ಮಾಡ್ತೀನಣ್ಣ," ಎಂದಳು.

ಆ ದಾಖಲೆಯಲ್ಲಿ ಅವಳ ಅಕ್ಕ ಇದ್ದಳು. ಬಣ್ಣ ಹಾಕುವ ವಿಭಾಗದ ಅಕ್ಕ ತೀರಿಕೊಂಡು ಒಂದು ವರ್ಷವಾಗಿತ್ತು. ದಿನಾ ಅಕ್ಕ ಮೊದಲು ಒಳಗೆ ಹೋಗುವಳು. ತಂಗಿ ಚೀಲದಲ್ಲಿ ಕಾರ್ಡಿಗೆ ತಡಕಾಡುವಾಗ ತಿರುಗಿ ನಿಂತು, "ಬಾರೇ ಸೋಮಾರಿ," ಎನ್ನುವಳು. ನಾಲ್ಕು ಸೆಕೆಂಡು, ಕೆಲವು ದಿನ ಐದು. ಅಷ್ಟು ಹೊತ್ತು ಅಕ್ಕ ತನಗಾಗಿ ಕಾದಿದ್ದಕ್ಕೆ ಈ ಲೋಕದಲ್ಲಿ ಉಳಿದ ಗುರುತು ದಾಖಲೆಯಲ್ಲಿ ಇಬ್ಬರ ಹೊತ್ತಿನ ನಡುವಿನ ಆ ಅಂತರವೊಂದೇ. ನಿಮಿಷಕ್ಕೆ ಇಳಿಸಿದರೆ ಅದು ಅಳಿದುಹೋಗುತ್ತದೆ. ಬರೆದಿಟ್ಟುಕೊಳ್ಳಬಹುದಿತ್ತು, ಆದರೆ ಅದು ತನ್ನ ಕೈಬರಹವಾಗುತ್ತಿತ್ತೇ ಹೊರತು ಅಕ್ಕನ ಕೈಯ ಗುರುತಾಗುತ್ತಿರಲಿಲ್ಲ. ಒಮ್ಮೆ ಇಬ್ಬರೂ ಜಗಳವಾಡಿ ಬೇರೆ ಬೇರೆ ಬಂದಿದ್ದರು, ಒಂಬತ್ತು ನಿಮಿಷದ ಅಂತರ. ನಿಮಿಷಕ್ಕೆ ಇಳಿಸಿದರೂ ಆ ಹಾಳು ಒಂಬತ್ತು ಮಾತ್ರ ಅಳಿಯುವುದಿಲ್ಲ.

ಕೊನೆಗೆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಗಟ್ಟಿಮನಸ್ಸು ಮಾಡಿ ಕೆಲಸ ಮುಗಿಸಿದಳು. ಆಮೇಲೆ, ಅಕ್ಕ ಕೊನೆಯ ಸಲ ಕೆಲಸಕ್ಕೆ ಬಂದ ದಿನವನ್ನು ಹುಡುಕಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಇಬ್ಬರಿಗೂ ಎಂಟು ಗಂಟೆ ಎರಡು ನಿಮಿಷ.

ಆದರೆ ತಂಗಿಯ ಹೆಸರು ಮೇಲಿತ್ತು, ಅಕ್ಕನದು ಅದರ ಕೆಳಗೆ. ಹೊತ್ತು ಒಂದೇ ಆದಾಗ ಯಂತ್ರ ಕಾರ್ಡ್ ನಂಬರಿನ ಪ್ರಕಾರ ಸಾಲು ಹಾಕುತ್ತದೆ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದ್ದರು. ಕಾರ್ಡ್ ಕೊಡುವ ಕಿಟಕಿಯ ಮುಂದೆ ಹಿಂಜರಿಯುತ್ತಿದ್ದ ತಂಗಿಯನ್ನು ಅಕ್ಕ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದ್ದಳು.

"ನೀನು ಮೊದ್ಲು ತಗೊಳ್ಳೇ. ನಾನು ಹಿಂದೇನೇ ಇರ್ತೀನಲ್ಲ."